ಲೆನ್ಸಿನ ಶಾರ್ಪ್‌ನೆಸ್ ಮೂಲೆಯಲ್ಲಿ ನೋಡಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಅಲ್ಟ್ರಾ ವೈಡ್, ಅಂದರೆ ತೀರಾ ಅಗಲದ ನೋಟ ಹಿಡಿಯುವ ಲೆನ್ಸ್‌ಗಳ ಬಗ್ಗೆ ಬಂದ ಲೇಖನ ಓದಿದೆ. ಯಾವುದು ಎಷ್ಟು ಶಾರ್ಪ್ ಎಂದು ಅಂಕ ಕೊಟ್ಟು, ಶಾಲೆಯ ರ‍್ಯಾಂಕ್ ಪಟ್ಟಿಯ ತರ ಸಾಲಾಗಿ ಕೂರಿಸಿದ್ದೀರಿ. ನಾನು ಹಾಸನದಲ್ಲಿ ಸ್ಟುಡಿಯೋ ಇಟ್ಟವನು. ಮದುವೆ, ಗೃಹಪ್ರವೇಶದ ನಡುವೆ ಬಿಡುವಾದಾಗ ದೇವಸ್ಥಾನಗಳ ಫೋಟೊ ತೆಗೆಯುತ್ತೇನೆ. ನನಗೆ ಈ ಪಟ್ಟಿ ಒಪ್ಪಿಗೆಯಾಗಲಿಲ್ಲ. ಫ್ರೇಮಿನ ನಡುವೆ ಶಾರ್ಪ್ ಇಲ್ಲದ ಲೆನ್ಸ್ ಈಗ ಹುಡುಕಿದರೂ ಸಿಗುವುದು ಕಷ್ಟ. ತಕರಾರು ಇರುವುದೆಲ್ಲ ಮೂಲೆಗಳಲ್ಲಿ. ನಿಮ್ಮ ಚಿತ್ರದ ಮೂಲೆಯಲ್ಲಿ ಏನು ಬರುತ್ತದೆ ಎನ್ನುವುದರ ಮೇಲೆ ಲೆನ್ಸ್ ಆರಿಸಬೇಕು.

ಹಳೇಬೀಡಿನ ಹೊಯ್ಸಳೇಶ್ವರನ ಹೊರಗೋಡೆ ಮುಂದೆ ನಿಂತುಕೊಳ್ಳಿ. ಹಿಂದೆ ಸರಿಯೋಣ ಅಂದರೆ ದೇವಸ್ಥಾನ ನಿಂತ ಜಗತಿ ಕಟ್ಟೆ ಅಲ್ಲಿಗೇ ಮುಗಿಯುತ್ತದೆ, ಅದಕ್ಕೇ ವೈಡ್ ಬೇಕು. ತಳದ ಆನೆಸಾಲು ಫ್ರೇಮಿನ ಕೆಳ ಅಂಚಿನಲ್ಲೇ ಹೋಗುತ್ತದೆ. ಎಫ್ 2.8ರಲ್ಲಿ, ಅಂದರೆ ಬೆಳಕು ಬರುವ ಕಿಂಡಿ (ಅಪರ್ಚರ್) ದೊಡ್ಡದಾಗಿ ತೆರೆದು ಫೋಟೊ ತೆಗೆದು ಮೂಲೆಯನ್ನು ದೊಡ್ಡದು ಮಾಡಿ ನೋಡಿ. ಒಂದು ಆನೆಯ ಸೊಂಡಿಲು ಎಲ್ಲಿ ಮುಗಿಯಿತು, ಮುಂದಿನ ಆನೆ ಎಲ್ಲಿ ಶುರುವಾಯಿತು ಅನ್ನುವುದೇ ಗೊತ್ತಾಗುವುದಿಲ್ಲ, ಎಲ್ಲ ಕಲಸಿಹೋಗಿರುತ್ತದೆ. ಕಿಂಡಿ ಸಣ್ಣದು ಮಾಡಿ ಎಫ್ 8ಕ್ಕೆ ಇಳಿಸಿದರೆ ಅದೇ ಲೆನ್ಸಿನಲ್ಲಿ ಸೊಂಡಿಲ ಸುರುಳಿ ಬೇರೆಯಾಗಿ ಕಾಣುತ್ತದೆ. ಇನ್ನೂ ಆಸೆಪಟ್ಟು ಎಫ್ 22ಕ್ಕೆ ಹೋದರೆ ಬೆಳಕು ಸಣ್ಣ ಕಿಂಡಿಯಲ್ಲಿ ಹರಡಿಕೊಂಡು ಇಡೀ ಚಿತ್ರವೇ ಮೆತ್ತಗಾಗುತ್ತದೆ.

ಗೆರೆ ಬಾಗುವ ಕಾಟ ಬೇರೆ. ಸಮ್ಯಾಂಗ್ 14 ಎಂಎಂ ಎಫ್ 2.8 ಅಗ್ಗದ ಲೆನ್ಸ್, ಶಾರ್ಪ್ ಕೂಡ ಹೌದು. ಆದರೆ ಆನೆಸಾಲನ್ನು ಅದು ಮೀಸೆಯ ಆಕಾರಕ್ಕೆ ತಿರುಗಿಸುತ್ತದೆ: ನಡುವೆ ಉಬ್ಬು, ತುದಿಯಲ್ಲಿ ಉಲ್ಟಾ. ಬರೀ ಉಬ್ಬಾದರೆ ಕಂಪ್ಯೂಟರಿನಲ್ಲಿ ಒಂದು ಸ್ಲೈಡರ್ ಎಳೆದರೆ ಮುಗಿಯಿತು. ಇದಕ್ಕೆ ಆ ಲೆನ್ಸಿಗೆಂದೇ ಮಾಡಿದ ತಿದ್ದುಪಡಿ ಲೆಕ್ಕ, ಅಂದರೆ ಪ್ರೊಫೈಲ್ ಬೇಕು. ರಾತ್ರಿ ನಕ್ಷತ್ರ ತೆಗೆಯುವ ಹುಡುಗರು ಇದನ್ನೇ ಮೆಚ್ಚುತ್ತಾರೆ. ಆಕಾಶದಲ್ಲಿ ನೇರ ಗೆರೆ ಎಲ್ಲಿದೆ, ಅಲ್ವಾ?

ಅಲ್ಲಿಂದ ಬೇಲೂರಿಗೆ ಬನ್ನಿ. ಚೆನ್ನಕೇಶವನ ನವರಂಗದಲ್ಲಿ ನಡುವಿನ ಭುವನೇಶ್ವರಿ (ಕೆತ್ತನೆಯ ಛಾವಣಿ) ಕೆಳಗೆ ನಿಂತು ಕ್ಯಾಮೆರಾ ನೇರ ಮೇಲಕ್ಕೆ ಹಿಡಿದರೆ ಕೆತ್ತನೆಯೆಲ್ಲ ನಡುವೆ, ಮೂಲೆಗಳಲ್ಲಿ ಕತ್ತಲು. ಹಳೇಬೀಡಿನಲ್ಲಿ ಸೋತ ಲೆನ್ಸ್ ಇಲ್ಲಿ ಗೆಲ್ಲುತ್ತದೆ. ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಹಾಗಾಗಿ ಎಲ್ಲ ಕೈಯಲ್ಲೇ. ಹೆಚ್ಚು ಬೆಳಕು ಬಿಡುವ ಟೋಕಿನಾ 11-16ರ ಎಫ್ 2.8 ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬಾಗಿಲಿನ ಬೆಳಕಿಗೆ ತಿರುಗಿಸಿದಿರೋ, ಕಂಬದ ಅಂಚಿಗೆಲ್ಲ ನೇರಳೆ ಗೆರೆ. ಕ್ಯಾನನ್ 10-18 ಬರೀ 240 ಗ್ರಾಂ. ಅದರ ಅಪರ್ಚರ್ ಎಫ್ 4.5ರಿಂದ ಶುರು, ಆದರೆ ಒಳಗೆ ಕೈ ನಡುಕ ತಡೆಯುವ ಸ್ಟೆಬಿಲೈಸರ್ ಇದೆ. ಕಂಬ ಓಡಾಡುವುದಿಲ್ಲವಲ್ಲ, ಸಾಕು. ನಿಮ್ಮ ಪಟ್ಟಿಯಲ್ಲಿ ಈ ಲೆನ್ಸ್ ಕೊನೆಯಲ್ಲಿತ್ತು.

ಮೇಲಿದ್ದದ್ದು ನಿಕಾನ್ 14-24 ಎಫ್ 2.8. 2007ರಲ್ಲಿ ಬಂದ ಲೆನ್ಸ್, ಮೂಲೆಯ ವಿಚಾರದಲ್ಲಿ ಅದಕ್ಕೆ ಸಿಕ್ಕ ಹೆಸರು ಸುಮ್ನೆ ಬಂದದ್ದಲ್ಲ. ಆದರೆ ತೂಕ ಕಿಲೋ ಹತ್ತಿರ. ಮುಂದಿನ ಗಾಜು ಹೊರಗೆ ಉಬ್ಬಿದೆ, ಮಾಮೂಲಿ ಫಿಲ್ಟರ್ ಹಾಕಲು ಜಾಗವೇ ಇಲ್ಲ. ಜುಲೈನಲ್ಲಿ ಮುಳ್ಳಯ್ಯನಗಿರಿ ಹತ್ತಿ ನೋಡಿ, ಫೋಟೊ ತೆಗೆಯುವುದಕ್ಕಿಂತ ಆ ಗಾಜು ಒರೆಸುವುದೇ ಜಾಸ್ತಿ. ಅದು ಇಷ್ಟು ದಪ್ಪ ಆಗಲು ಕಾರಣವಿದೆ. ಹಳೆ ಎಸ್ಎಲ್ಆರ್ ಕ್ಯಾಮೆರಾದಲ್ಲಿ ಸೆನ್ಸರ್ ಮುಂದಿನ ಕನ್ನಡಿ ಎದ್ದೇಳಲು ಜಾಗ ಬೇಕಿತ್ತು. ನಿಕಾನ್‌ನಲ್ಲಿ ಸೆನ್ಸರ್‌ಗೂ ಲೆನ್ಸ್ ಕೂರುವ ಬಳೆಗೂ 46.5 ಮಿ.ಮೀ. ಅಂತರ. ಅಷ್ಟು ದೂರದಿಂದ 14 ಎಂಎಂನಷ್ಟು ಅಗಲದ ನೋಟ ಬೀಳಿಸಬೇಕಾದರೆ ಗಾಜಿನ ಮೇಲೆ ಗಾಜು ಪೇರಿಸಬೇಕು. ಕನ್ನಡಿಯೇ ಇಲ್ಲದ ನಿಕಾನ್ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಆ ಅಂತರ 16 ಮಿ.ಮೀ.ಗೆ ಇಳಿಯಿತು. ಅದಕ್ಕೆಂದೇ ಮಾಡಿದ 2020ರ ಝಡ್ 14-24 ಸುಮಾರು 650 ಗ್ರಾಂಗೆ ಬಂತು. ಅದರ ಬೆಲೆ ಮಾತ್ರ ನಮ್ಮಂಥವರ ಕೈಗೆ ಎಟುಕುವುದಿಲ್ಲ.

ಅಗ್ಗದ ಮಿರರ್‌ಲೆಸ್ ಲೆನ್ಸ್‌ಗಳಲ್ಲಿ ಇನ್ನೊಂದು ಲೆಕ್ಕ. ಕ್ಯಾನನ್ ಆರ್‌ಎಫ್ 16 ಎಂಎಂ 165 ಗ್ರಾಂ. ಗೆರೆಗಳು ನೇರವಾಗಿಯೇ ಕಾಣುತ್ತವೆ. ನೇರ ಮಾಡಿದ್ದು ಗಾಜಲ್ಲ, ಕ್ಯಾಮೆರಾದ ಸಾಫ್ಟ್‌ವೇರ್. ಮೂಲೆಗಳನ್ನು ಎಳೆದು ಹಿಗ್ಗಿಸಿದ್ದರಿಂದ ಅಲ್ಲಿನ ಶಾರ್ಪ್‌ನೆಸ್ ಹೋಗಿರುತ್ತದೆ. ಈ ಮಾತು ಲೇಖನದಲ್ಲಿ ಎಲ್ಲೂ ಇರಲಿಲ್ಲ.

ಛತ್ರದ ಗ್ರೂಪ್ ಫೋಟೊದಲ್ಲಿ ತುದಿಗೆ ನಿಂತ ಸೋದರಮಾವನ ತಲೆ ಕುಂಬಳಕಾಯಿ ಆಗುವುದಕ್ಕೆ ಯಾವ ಲೆನ್ಸನ್ನೂ ಬೈಯಬೇಡಿ. ಅಷ್ಟು ಅಗಲದ ನೋಟವನ್ನು ಚಪ್ಪಟೆ ಕಾಗದಕ್ಕೆ ಇಳಿಸಿದರೆ ಅಂಚಿನದು ಹಿಗ್ಗಲೇಬೇಕು. ಲಕ್ಷ ರೂಪಾಯಿ ಲೆನ್ಸಿನಲ್ಲೂ ಮಾವ ದಪ್ಪವೇ. ಲೇಖನದ ಜೊತೆ ಹಾಕಿದ್ದ ಬೇಲೂರಿನ ರಾಜಗೋಪುರ ಹಿಂದಕ್ಕೆ ವಾಲಿದ್ದೂ ಲೆನ್ಸಿನ ತಪ್ಪಲ್ಲ. ತೆಗೆದವರು ಕ್ಯಾಮೆರಾ ಮೇಲಕ್ಕೆ ಎತ್ತಿದ್ದಾರೆ, ಅಷ್ಟೇ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು. ನಿಮ್ಮದೇ ಪತ್ರಿಕೆಯ ಹಾಳೆಗಳನ್ನು ಸಪಾಟು ಗೋಡೆಗೆ ಅಂಟಿಸಿ, ನಡುವೆ ಒಂದು, ನಾಲ್ಕು ಮೂಲೆಗೆ ನಾಲ್ಕು. ಕ್ಯಾಮೆರಾ ಗೋಡೆಗೆ ನೇರವಾಗಿರಲಿ. ನಾಲ್ಕೂ ಮೂಲೆಯ ಅಕ್ಷರ ಒಂದೇ ಸಮ ಮಸುಕಾದರೆ ಅದು ಆ ಲೆನ್ಸಿನ ಗುಣ. ಮೂರು ಚೆನ್ನಾಗಿದ್ದು ಒಂದು ಮಾತ್ರ ಮಸುಕಾದರೆ ಒಳಗಿನ ಗಾಜು ಓರೆಯಾಗಿದೆ, ವಾಪಸ್ ಕೊಡಿ. ಹೊಯ್ಸಳರ ಗೋಡೆ ಮುಂದೆ ಈ ಪರೀಕ್ಷೆ ಬೇಡ. ನಕ್ಷತ್ರಾಕಾರದ ಗೋಡೆ ಒಳಗೆ ಹೊರಗೆ ಸರಿಯುತ್ತಾ ಹೋಗುತ್ತದೆ, ಒಳ್ಳೆ ಲೆನ್ಸೂ ಕೆಟ್ಟದ್ದಾಗಿ ಕಾಣುತ್ತದೆ.

ಮುಂದಿನ ಸಲ ಹೋಲಿಕೆ ಹಾಕುವಾಗ ಅಂಕ ಬಿಡಿ. ಪ್ರತಿ ಲೆನ್ಸಿನ ಒಂದು ಮೂಲೆಯನ್ನು ಪೂರ್ತಿ ತೆರೆದ ಅಪರ್ಚರ್‌ನಲ್ಲಿ ಒಮ್ಮೆ, ಎಫ್ 8ರಲ್ಲಿ ಒಮ್ಮೆ ಅಚ್ಚು ಹಾಕಿ. ಸಾಫ್ಟ್‌ವೇರ್ ತಿದ್ದುಪಡಿ ಇತ್ತೋ ಇಲ್ಲವೋ ಅದನ್ನೂ ಬರೆಯಿರಿ. ಬಣ್ಣದ ಪುಟವೇ ಬೇಕೆಂದಿಲ್ಲ, ಕಪ್ಪು ಬಿಳುಪಿನಲ್ಲೂ ಗೊತ್ತಾಗುತ್ತದೆ.

ಇತಿ,
ಒಬ್ಬ ಸ್ಟುಡಿಯೋದವನು, ಹಾಸನ