ಮೇಲಿನ ಸಾಲಿನ ಟಿಕೆಟ್

ಪುಟ್ಟೀ,

ಲಂಡನ್ನಿನ ಆರ್ಕೆಸ್ಟ್ರಾ ಕಛೇರಿಗೆ ತೀರಾ ಮೇಲಿನ ಸಾಲಿನ ಟಿಕೆಟ್ಟೇ ಸಿಕ್ಕಿತು ಅಂತ ಫೋನಿನಲ್ಲಿ ಗೊಣಗಿದೆಯಲ್ಲ, ಸುಮ್ನೆ ಬೇಜಾರು ಮಾಡ್ಕೋಬೇಡ. ಈ ಕಛೇರಿಗೆ ಅದೇ ಒಳ್ಳೆ ಜಾಗ. ಯಾರು ಎಲ್ಲಿ ಕೂತು ನುಡಿಸುತ್ತಾರೆ ಅನ್ನೋದು ಮೇಲಿಂದ ಚೆನ್ನಾಗಿ ಕಾಣುತ್ತದೆ.

ಮೊದಲನೆಯದು ಇಂಗ್ಲೆಂಡಿನ ಸಂಗೀತ ರಚನಕಾರ ವಾನ್ ವಿಲಿಯಮ್ಸ್ ಅವರ ಟ್ಯಾಲಿಸ್ ಫ್ಯಾಂಟಸಿಯಾ. ಬರೀ ತಂತಿವಾದ್ಯಗಳು. ಒಂದು ದೊಡ್ಡ ಗುಂಪು. ಅದರಿಂದ ದೂರದಲ್ಲಿ ಒಂಬತ್ತೇ ಜನರ ಚಿಕ್ಕ ಗುಂಪು. ದೊಡ್ಡದು ನುಡಿಸಿದ್ದಕ್ಕೆ ಚಿಕ್ಕದು ಮೆತ್ತಗೆ ಮಾರುತ್ತರ ಕೊಡುತ್ತದೆ. 1910ರಲ್ಲಿ ಗ್ಲಾಸ್ಟರ್ ಊರಿನ ಕೆಥೆಡ್ರಲ್‌ನಲ್ಲಿ, ಅಂದರೆ ದೊಡ್ಡ ಚರ್ಚಿನಲ್ಲಿ, ಮೊದಲು ನುಡಿಸಿದ್ದು. ಅಂಥ ಕಲ್ಲಿನ ಕಟ್ಟಡದಲ್ಲಿ ನಾದ ಸುತ್ತಿ ಬರುವುದನ್ನು ಯೋಚಿಸು. ಮೂಲ ಧಾಟಿ 16ನೇ ಶತಮಾನದ ಸಂಗೀತ ರಚನಕಾರ ಥಾಮಸ್ ಟ್ಯಾಲಿಸ್‌ದು. ಸ್ವರಗಳ ಲೆಕ್ಕಕ್ಕೆ ನಮ್ಮ ಕರ್ನಾಟಕ ಸಂಗೀತದ ತೋಡಿ ರಾಗಕ್ಕೆ ಹತ್ತಿರ. ಹಾಗಂತ ತೋಡಿ ಹುಡುಕಿಕೊಂಡು ಕೂರಬೇಡ. ಸ್ವರವನ್ನು ಅಲುಗಿಸುವ ಗಮಕವೇ ಇಲ್ಲದ ಮೇಲೆ ಎಲ್ಲಿ ಸಿಗಬೇಕು?

ಎರಡನೆಯದು ಎಲ್ಗರ್ ಅವರ ಚೆಲ್ಲೋ ಕನ್ಚೆರ್ಟೊ, ದೊಡ್ಡ ಪಿಟೀಲಿನಂಥ ಚೆಲ್ಲೋ ಆರ್ಕೆಸ್ಟ್ರಾ ಜೊತೆ ಮುಂದಾಗಿ ನುಡಿಯುವ ಕೃತಿ, ನೀನು ಕೇಳಿರುವುದೇ. 1919ರ ಮೊದಲ ಕಛೇರಿಯಲ್ಲಿ ರಿಹರ್ಸಲ್ ಸಾಲದೆ ಅದು ಕೆಟ್ಟಿತ್ತು ಅಂದರೆ ಈಗ ನಂಬೋಕಾಗಲ್ಲ.

ಆಮೇಲೆ ಹೋಲ್ಸ್ಟ್ ಅವರ ಪ್ಲಾನೆಟ್ಸ್, ಒಂದೊಂದು ಗ್ರಹಕ್ಕೆ ಒಂದೊಂದು ಭಾಗ. ಜ್ಯೋತಿಷ್ಯದಿಂದ ಹುಟ್ಟಿದ ಯೋಚನೆ, ಅಜ್ಜಿಗೆ ಹೇಳು, ಖುಷಿಪಡುತ್ತಾರೆ. ಆದರೆ ಗ್ರಹ ಏಳೇ, ರಾಹು ಕೇತು ಇಲ್ಲ! ಋಗ್ವೇದದ ಸೂಕ್ತಗಳಿಗೆ ಸಂಗೀತ ಕೂಡಿಸಲು ಸಂಸ್ಕೃತ ಕಲಿತ ಮನುಷ್ಯ ಅವರು. ಮೊದಲ ಗ್ರಹ ಮಂಗಳ. ಐದರ ಲೆಕ್ಕ, ಆದರೆ ನಮ್ಮ ಖಂಡಚಾಪು ತಾಳದ ಎರಡು-ಮೂರು ಅಲ್ಲ, ಮೂರು-ಎರಡು. ತಾಳ ಹಾಕಲು ಹೋಗಿ ತಪ್ಪಿಸಿಕೊಂಡೀಯ.

ನನಗೆ ಬೇಕಾಗಿರೋದು ಕೊನೆಯ ನೆಪ್ಚೂನ್. ಅದರಲ್ಲಿ ಹೆಂಗಸರ ಮೇಳ ಹಾಡುತ್ತದೆ, ಆದರೆ ಒಬ್ಬರೂ ಕಾಣುವುದಿಲ್ಲ. ಪಕ್ಕದ ಕೋಣೆಯಲ್ಲಿ ನಿಂತು ಹಾಡಬೇಕು, ಕೊನೆಗೆ ಆ ಕೋಣೆಯ ಬಾಗಿಲನ್ನು ನಿಧಾನವಾಗಿ ಮುಚ್ಚಬೇಕು ಅಂತ ಹೋಲ್ಸ್ಟ್ ಬರೆದಿಟ್ಟಿದ್ದಾರೆ. ಅವರು ಹುಡುಗಿಯರ ಶಾಲೆಯಲ್ಲಿ ಸಂಗೀತದ ಮೇಷ್ಟ್ರು. 1918ರ ಸೆಪ್ಟೆಂಬರ್ 29ರಂದು ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ, ಕರೆಸಿಕೊಂಡ ಜನರ ಮುಂದೆ ಮೊದಲ ಸಲ ಇದನ್ನು ನುಡಿಸಿದಾಗ, ಆ ಶಾಲೆಯ ಹುಡುಗಿಯರೂ ಹಾಡಿದ್ದರು. ಮೊದಲನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ.

ನಾನು ಇದನ್ನು ಕೇಳಿದ್ದೆಲ್ಲ ಮೊಬೈಲಿನಲ್ಲೇ. ಅಲ್ಲಿ ಯಾರೋ ವಾಲ್ಯೂಮ್ ಕಡಿಮೆ ಮಾಡಿದ ಹಾಗಷ್ಟೇ ಅನಿಸುತ್ತದೆ. ಹಾಗಾಗಿ ಮೇಳವನ್ನು ಎಲ್ಲಿ ನಿಲ್ಲಿಸಿದ್ದರು, ಯಾವ ಬಾಗಿಲು, ಅದು ಮುಚ್ಚಿದ್ದು ನಿನಗೆ ಗೊತ್ತಾಯ್ತಾ, ಎಲ್ಲ ನೋಡಿ ಬಂದು ಹೇಳು.

ಇಂಟರ್ವಲ್‌ನಲ್ಲಿ ಏನಾದರೂ ತಿನ್ನು. ಪ್ಲಾನೆಟ್ಸ್ ಒಂದೇ ಸುಮಾರು 50 ನಿಮಿಷ ಇದೆ.

ಅಮ್ಮ