ಮಗುವಿನ ಮಾತಿನ ಲೆಕ್ಕ ಮನೆಯವರನ್ನೇ ಕೇಳಿ

ಮಾನ್ಯರೇ,

ಅಂಗನವಾಡಿಯಲ್ಲಿ ಮಕ್ಕಳ ತೂಕ, ಎತ್ತರ ತಪ್ಪದೆ ಬರೆದುಕೊಳ್ಳುತ್ತೇವೆ. ಮಾತಿನ ವಿಷಯಕ್ಕೆ ಬಂದರೆ ಮಾತ್ರ ಒಂದೇ ಪ್ರಶ್ನೆ: 'ಮಾತಾಡ್ತಾನಾ?' ತಾಯಿ ಹೂಂ ಅಂದರೆ ಮುಗಿಯಿತು. ಇಲ್ಲ ಅಂದರೆ, 'ಗಂಡು ಮಕ್ಕಳಿಗೆ ಮಾತು ತಡ, ಬಿಡಿ' ಎಂಬ ಸಮಾಧಾನ. ಇದು ಏನೇನೂ ಸಾಲದು.

ತಪಾಸಣೆಗೆ ಬಂದವರ ಮುಂದೆ ಒಂದೂವರೆ ವರ್ಷದ ಮಗು ಬಾಯಿ ಬಿಡುವುದಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆ ತೋಟದ ನಡುವೆ ಒಂಟಿ ಮನೆಗಳು ಜಾಸ್ತಿ. ಮಳೆಗಾಲದಲ್ಲಿ ಹೊರಗಿನವರ ಮುಖವನ್ನೇ ಕಾಣದ ಮಗು ಹೊಸಬರು ಬಂದರೆ ಅಮ್ಮನ ಸೆರಗು ಹಿಡಿದು ಅಡಗುತ್ತದೆ. ಅದಕ್ಕೆ ಎಷ್ಟು ಮಾತು ಬರುತ್ತದೆ ಎಂದು ಗೊತ್ತಿರುವುದು ಅಮ್ಮನಿಗೆ, ಅಜ್ಜಿಗೆ. ಅವರನ್ನೇ ಕೇಳಬೇಕು ಅಲ್ವಾ?

ಆದರೆ ಕೇಳುವ ರೀತಿ ಮುಖ್ಯ. ಎರಡು ವರ್ಷದ ಮಗುವಿನ ತಾಯಿಯೊಬ್ಬರು 'ಐದಾರು ಮಾತು ಬರಬಹುದು ಟೀಚರ್' ಎಂದಿದ್ದರು. ಪಕ್ಕದಲ್ಲಿ ಕೂತು ಒಂದೊಂದೇ ಕೇಳುತ್ತಾ ಹೋದೆ. ಹಾಲು? ಬೆಕ್ಕು? ಚಪ್ಪಲಿ? ಅನ್ನಕ್ಕೆ ಏನಂತಾಳೆ? 'ಮಮ್ಮು ಅಂತಾಳೆ, ಅದೂ ಲೆಕ್ಕಕ್ಕಾ?' ಲೆಕ್ಕಕ್ಕೇ. ದನಕ್ಕೆ ಅಂಬಾ, ಮಲಗುವುದಕ್ಕೆ ತಾಚಿ, ಎಲ್ಲ ಸೇರಿ ಐವತ್ತು ದಾಟಿತು. ಸುಮ್ನೆ ನೆನಪು ಮಾಡಿಕೊಂಡು ಹೇಳಿ ಅಂದರೆ ಯಾರಿಗೂ ಹೊಳೆಯುವುದಿಲ್ಲ. ಪಟ್ಟಿ ಓದಿದರೆ ಥಟ್ಟನೆ ಹೇಳುತ್ತಾರೆ.

ಇದೇನು ನಾನು ಹುಟ್ಟಿಸಿದ ಉಪಾಯವಲ್ಲ. ಮಗುವಿಗೆ ಬರುವ ಮಾತುಗಳಿಗೆ ಮನೆಯವರೇ ಗುರುತು ಹಾಕುವ ಅಮೆರಿಕದ ಮ್ಯಾಕ್‌ಆರ್ಥರ್-ಬೇಟ್ಸ್ ಪಟ್ಟಿ ಇರುವುದು ಇದಕ್ಕೇ. 8ರಿಂದ 18 ತಿಂಗಳ ಮಕ್ಕಳಿಗೆ ಒಂದು, 16ರಿಂದ 30 ತಿಂಗಳವರಿಗೆ ಇನ್ನೊಂದು. ಚಿಕ್ಕವರಿಗಾದರೆ ಹೇಳಿದ್ದು ತಿಳಿಯುತ್ತದೆಯೇ, ಟಾಟಾ ಮಾಡುತ್ತದೆಯೇ, ಬೆರಳು ತೋರಿಸುತ್ತದೆಯೇ ಎಂದೂ ಕೇಳುತ್ತಾರೆ. ಹಾಗಂತ ಅಲ್ಲಿಯ ಪಟ್ಟಿಯನ್ನೇ ಇಲ್ಲಿಗೆ ಇಳಿಸಿದರೆ ಆಗದು. ನಮ್ಮದರಲ್ಲಿ ಕೊಟ್ಟಿಗೆ, ಕಂಬಳಿ, ಉಂಬಳ (ಜಿಗಣೆ) ಇರಬೇಕು. ಮನೆಮಾತು ಉರ್ದು, ಕೊಂಕಣಿ, ತುಳು, ಲಂಬಾಣಿ ಆಗಿದ್ದರೆ ಎರಡೂ ಭಾಷೆಯ ಮಾತನ್ನು ಸೇರಿಸಿಯೇ ಎಣಿಸಬೇಕು. ಕನ್ನಡದ್ದಷ್ಟೇ ಎಣಿಸಿ ಮಗು ಹಿಂದೆ ಬಿದ್ದಿದೆ ಅನ್ನುವುದು ಅನ್ಯಾಯ.

ಎರಡು ವರ್ಷವಾದರೂ ಐವತ್ತು ಮಾತಿಲ್ಲ, 'ಅಮ್ಮ ಬಾ' ಅಂತ ಎರಡು ಪದ ಜೋಡಿಸುವುದಿಲ್ಲ ಎಂದಾದರೆ ಕಾಯುತ್ತಾ ಕೂರಬಾರದು. ಮೊದಲು ಕಿವಿ ಪರೀಕ್ಷೆ ಮಾಡಿಸಬೇಕು. ಪಟ್ಟಿ ನೋಡಿ ತೊಂದರೆ ಇಂಥದ್ದೇ ಎಂದು ತೀರ್ಮಾನಿಸಲು ಬರುವುದಿಲ್ಲ, ಅದು ತಜ್ಞರ ಕೆಲಸ. ಎಷ್ಟೋ ಮಕ್ಕಳು ಮುಂದೆ ತಾವಾಗಿಯೇ ಸರಿಹೋಗುತ್ತಾರೆ, ನಿಜ. ಯಾವ ಮಗು ಸರಿಹೋಗುತ್ತದೆ ಎಂದು ಮೊದಲೇ ಹೇಳುವವರು ಯಾರು?

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ನೆರವು ಪಡೆದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಇಂಥದೊಂದು ಹಾಳೆಯನ್ನು ತಾಯಿ ಕಾರ್ಡಿನ ಜೊತೆಗೇ ಕೊಡಲಿ. ಒಂದೂವರೆ ವರ್ಷದ ಚುಚ್ಚುಮದ್ದಿಗೆ ಬಂದ ದಿನವೇ ತುಂಬಿಸಬಹುದು. ಓದಲು ಬಾರದ ಅಜ್ಜಿಯರಿಗೆ ನಾವೇ ಓದಿ ಹೇಳಿ ಗುರುತು ಹಾಕುತ್ತೇವೆ.

– ಒಬ್ಬ ಅಂಗನವಾಡಿ ಕಾರ್ಯಕರ್ತೆ, ತೀರ್ಥಹಳ್ಳಿ ತಾಲ್ಲೂಕು