ಅವ್ವನಿಗೆ: ನಾನು ಕೆಲಸ ಯಾಕೆ ಬಿಡಲ್ಲ ಅಂದರೆ

ಸ್ಟುಟ್‌ಗಾರ್ಟ್, ಜರ್ಮನಿ
ಭಾನುವಾರ ರಾತ್ರಿ

ಪ್ರೀತಿಯ ಅವ್ವ,

ನಾವೆಲ್ಲ ಇಲ್ಲಿ ಆರಾಮ. ನಿನ್ನ ಮೊಮ್ಮಗಳ ಕೆಮ್ಮು ಪೂರ್ತಿ ಹೋಯಿತು. ನಿನ್ನ ಮೊಣಕಾಲು ಈಗ ಹೇಗಿದೆ? ಅಪ್ಪನ ಬಿಪಿ ಗುಳಿಗೆ ತಪ್ಪದ ಹಾಗೆ ನೋಡಿಕೋ.

ಹೋದ ವಾರ ಫೋನಿನಲ್ಲಿ ನೀನು ಕೇಳಿದ ಮಾತು ಇನ್ನೂ ತಲೆಯಲ್ಲೇ ಇದೆ. "ಇಷ್ಟು ಒದ್ದಾಡಿ ಯಾಕವ್ವ ದುಡೀಬೇಕು? ಅಳಿಯಂದಿರ ಪಗಾರ ಸಾಲಂಗಿಲ್ಲೇನು? ಕೂಸಿನ ಕೂಡ ಮನ್ಯಾಗ ಇರು" ಅಂದೆ. ನನ್ನ ದನಿ ಕೇಳಿ ಕರುಳು ಚುರ್ ಅಂದಿದ್ದಕ್ಕೇ ಹಾಗೆ ಅಂದೆ ಅಂತ ಗೊತ್ತು. ಅವಸರದಲ್ಲಿ ಉತ್ತರ ಹೇಳೋಕೆ ಆಗಲಿಲ್ಲ. ಇಂಥ ಮಾತಿಗೆ ಫೋನು ಸಾಲೋದೂ ಇಲ್ಲ. ತಂಗಿಯೂ ಇದನ್ನು ಓದಲಿ. ಅವಳ ಹೆರಿಗೆ ರಜೆ ಮುಗೀತಾ ಬಂತು, ಕೆಲಸ ಬಿಡೋ ಯೋಚನೆಯಲ್ಲಿದ್ದಾಳೆ ಅಂತ ನೀನೇ ಹೇಳಿದೆಯಲ್ಲ.

ಮೊದಲು ನಿನ್ನ ವಿಷಯ ಬರೀತೀನಿ. ನಾನು ಪಿಯುಸಿ ಓದೋ ಹೊತ್ತಿಗೆ ನೀನು ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ಹೊಲಿಯುವ ಕೆಲಸಕ್ಕೆ ಸೇರಿದೆ. ಬೆಳಿಗ್ಗೆ ರೊಟ್ಟಿ ಬಡಿದು ಬುಟ್ಟಿಗೆ ಹಾಕಿ, ಪಲ್ಯ ಮುಚ್ಚಿಟ್ಟು ಹೊರಡುತ್ತಿದ್ದೆ. ಸಂಜೆ ಬಂದಾಗ ನಿನ್ನ ಸೆರಗಿಗೆ ಕೇಸರಿ, ಹಸಿರು ದಾರದ ಎಳೆಗಳು ಅಂಟಿರುತ್ತಿದ್ದವು. ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದೆ. ಚಕ್ರ ಮುದ್ರಿಸಿದ ಬಿಳಿ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ. 24 ಗೆರೆ. ಈ ಬದಿಯ ಚಕ್ರದ ಮೇಲೆ ಆ ಬದಿಯ ಚಕ್ರ ಸರಿಯಾಗಿ ಕೂಡಬೇಕು. ಸ್ವಲ್ಪ ಸರಿದಿದ್ದರೂ ಆ ತುಂಡು ಬದಿಗೆ. ಮೂರೂ ಪಟ್ಟಿ ಒಂದೇ ಅಗಲ ಇರಬೇಕು. ಮೇಜಿನ ಮೇಲಿಡುವ 6 ಇಂಚು ಉದ್ದ 4 ಇಂಚು ಅಗಲದ ಧ್ವಜವೇ ಇರಲಿ, 21 ಅಡಿ ಉದ್ದ 14 ಅಡಿ ಅಗಲದ್ದೇ ಇರಲಿ, ಲೆಕ್ಕ ಮೂರಕ್ಕೆ ಎರಡು. ಇದನ್ನೆಲ್ಲ ಹೇಳುವಾಗ ನಿನ್ನ ಮುಖ ಮನೆಯಲ್ಲಿ ನಾನು ಕಂಡಿರದ ಮುಖ.

ಓಣಿಯಲ್ಲಿ ಯಾರೋ "ಗಂಡ ದುಡೀತಾನ, ಇಕಿಗ್ಯಾಕ ಬೇಕು" ಅಂದಾಗ ನೀನು ಜಗಳಕ್ಕೆ ಹೋಗಲಿಲ್ಲ. "ನನ್ನ ಕೈಲೆ ಹೊಲದ ಬಾವುಟ ಎಲ್ಲೋ ಹಾರತದ" ಅಂದು ಒಳಗೆ ಬಂದೆ. 2021ರ ಕೊನೆಗೆ ಧ್ವಜ ಸಂಹಿತೆ, ಅಂದರೆ ಧ್ವಜದ ನಿಯಮಗಳು ಬದಲಾಗಿ, ಕೈಯಿಂದ ನೂತು ನೇಯ್ದ ಖಾದಿಯ ಜೊತೆ ಪಾಲಿಯೆಸ್ಟರ್ ಬಟ್ಟೆಗೂ, ಮಷೀನಿನ ಬಟ್ಟೆಗೂ ಒಪ್ಪಿಗೆ ಸಿಕ್ಕಿತಲ್ಲ, ಆಗ ನೀನು ಊಟ ಸರಿಯಾಗಿ ಮಾಡ್ತಿಲ್ಲ ಅಂತ ಅಪ್ಪ ಹೇಳಿದ್ದರು. ಬರೀ ಪಗಾರದ ಕೆಲಸವಾಗಿದ್ದರೆ ಅಷ್ಟು ಸಂಕಟ ಆಗುತ್ತಿತ್ತಾ ಅವ್ವ? ನೀನು ಕೆಲಸಕ್ಕೆ ಹೋಗಿದ್ದರಿಂದ ನಮಗೇನೂ ಕಡಿಮೆಯಾಗಲಿಲ್ಲ. ಒಂದು ಕೆಲಸವನ್ನು ಮನಸ್ಸಿಟ್ಟು ಹೇಗೆ ಮಾಡಬೇಕು ಅನ್ನೋದನ್ನು ನಾವಿಬ್ಬರೂ ನಿನ್ನನ್ನು ನೋಡಿಯೇ ಕಲಿತೆವು.

ನನ್ನ ಕೆಲಸ ಏನು ಅಂತ ನಿನಗೆ ಯಾವತ್ತೂ ಸರಿಯಾಗಿ ಬಿಡಿಸಿ ಹೇಳಿಲ್ಲ. ಕಂಪ್ಯೂಟರ್ ಕೆಲಸ ಅಂದರೆ ಸಾಕು ಅಂದುಕೊಂಡಿದ್ದೆ. ಮಳೆ ಬಂದು ಒದ್ದೆಯಾದ ರಸ್ತೆಯಲ್ಲಿ ಡ್ರೈವರ್ ಜೋರಾಗಿ ಬ್ರೇಕ್ ಒತ್ತಿದರೆ ಗಾಲಿ ಗಟ್ಟಿಯಾಗಿ ಹಿಡಿದು ಕಾರು ಜಾರುತ್ತೆ. ಹಾಗಾಗದಂತೆ ಬ್ರೇಕನ್ನು ಕ್ಷಣಕ್ಷಣಕ್ಕೂ ಬಿಟ್ಟು ಹಿಡಿಯುವ ಒಂದು ವ್ಯವಸ್ಥೆ ಇರುತ್ತೆ. ಅದರ ಸಾಫ್ಟ್‌ವೇರ್ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡುವುದು ನನ್ನ ಕೆಲಸ. ಆ ಕಾರಿನ ಹಿಂದಿನ ಸೀಟಿನಲ್ಲಿ ಯಾರದ್ದೋ ಕೂಸು ಮಲಗಿರುತ್ತೆ. ಈ ಕೆಲಸ ನನಗೆ ಇಷ್ಟ. ನನಗೆ ಚೆನ್ನಾಗಿ ಬರುತ್ತೆ ಕೂಡ.

ಒದ್ದಾಟ ಇಲ್ಲ ಅಂತ ಹೇಳಲ್ಲ. ಇಲ್ಲಿ 2013ರಿಂದ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಶಿಶುವಿಹಾರದಲ್ಲಿ ಜಾಗ ಕಾನೂನಿನ ಹಕ್ಕು. ಕಾಗದದ ಮೇಲೆ ಛಲೋ ಇದೆ, ಆದರೆ ಜಾಗ ಸಿಗೋದು ಕಷ್ಟ. ಸಿಕ್ಕರೂ ಟೀಚರ್‌ಗಳ ಕೊರತೆ, ಇದ್ದಕ್ಕಿದ್ದಂತೆ "ಈವತ್ತು ಬೇಗ ಮುಚ್ತೀವಿ" ಅಂತ ಮೆಸೇಜ್ ಬರುತ್ತೆ. ಮಗುವಿಗೆ ಜ್ವರ ಬಂದರೆ ಅಪ್ಪನಿಗೆ, ಅಮ್ಮನಿಗೆ ಬೇರೆಬೇರೆಯಾಗಿ ವರ್ಷಕ್ಕೆ 15 ದಿನ ರಜೆ ಸಿಗುತ್ತೆ, ಪಗಾರದ ಬಹುಪಾಲು ವಿಮೆಯವರು ಕೊಡ್ತಾರೆ. ಇವರೂ ಆ ರಜೆ ಹಾಕ್ತಾರೆ. ಮಗಳು ಹುಟ್ಟಿದಾಗಲೂ ಎರಡು ತಿಂಗಳು ಮನೆಯಲ್ಲಿದ್ದರು. ಇಷ್ಟಿದ್ದೂ ಮೊದಲ ವರ್ಷ ನಾನು ಎಲ್ಲಿದ್ದರೂ ಮನಸ್ಸು ಇನ್ನೊಂದು ಕಡೆ ಇರುತ್ತಿತ್ತು. ಆಫೀಸಿನಲ್ಲಿ ಕೂಸಿನ ಚಿಂತೆ, ಮನೆಯಲ್ಲಿ ಆಫೀಸಿನ ಚಿಂತೆ.

ಈಗ ಭಾನುವಾರ ರಾತ್ರಿ ಮಗಳು ಮಲಗಿದ ಮೇಲೆ ನಾವಿಬ್ಬರೂ ಅಡುಗೆಮನೆಯ ಮೇಜಿಗೆ ಒಂದು ನೋಟ್‌ಬುಕ್ ಇಟ್ಟುಕೊಂಡು ಕೂತ್ಕೋತೀವಿ. ಏನೇನು ಮಾಡಬೇಕು ಅಂತ ಆಮೇಲೆ ಬರೀತೀವಿ. ಮೊದಲು ಕೇಳೋದು, ಈ ವಾರ ಯಾವುದನ್ನು ಬಿಟ್ಟರೆ ನಡೆಯುತ್ತೆ ಅಂತ. ಇಸ್ತ್ರಿ ಬಿಟ್ಟೆವು. ಶನಿವಾರಕ್ಕೊಂದು ಬರ್ತ್‌ಡೇ ಪಾರ್ಟಿಗೆ ಹೋಗೋದು ಬಿಟ್ಟೆವು. ರಾತ್ರಿ ಆಫೀಸಿನ ಮೇಲ್ ನೋಡೋದು ಬಿಟ್ಟೆ. ಇಲ್ಲಿಯವರು ಸಂಜೆ ಒಲೆ ಹಚ್ಚೋದು ಕಡಿಮೆ. ಬ್ರೆಡ್, ಚೀಸ್, ಹೆಚ್ಚಿದ ಸೌತೆಕಾಯಿ, ಅಷ್ಟೇ ಊಟ. ನಾವೂ ಕೆಲವು ದಿನ ಹಾಗೇ. ನಿನಗೆ ಸರಿ ಅನಿಸಲ್ಲ, ಗೊತ್ತು. ಕೂಸು ಹೊಟ್ಟೆ ತುಂಬ ತಿಂತಾಳೆ, ಚಿಂತೆ ಮಾಡಬೇಡ.

ದೊಡ್ಡ ನಿರ್ಧಾರ ಒಂದಿದೆ, ನಿನಗೆ ಹೇಳಿಲ್ಲ. ನಾನು ಎರಡು ವರ್ಷಕ್ಕೆ ಕೆಲಸದ ಸಮಯವನ್ನು ಶೇಕಡ 80ಕ್ಕೆ ಇಳಿಸಿಕೊಂಡೆ. ಇಲ್ಲಿ ಇದಕ್ಕೆ 2019ರಿಂದ ಕಾನೂನಿದೆ, ಬ್ರೂಕೆನ್‌ಟೈಲ್‌ಟ್ಸೈಟ್ ಅಂತಾರೆ. 45ಕ್ಕಿಂತ ಜಾಸ್ತಿ ಜನ ಇರುವ ಕಂಪನಿಯಲ್ಲಿ ಆರು ತಿಂಗಳು ಮೀರಿ ಕೆಲಸ ಮಾಡಿದವರು ಒಂದರಿಂದ ಐದು ವರ್ಷದವರೆಗೆ ಸಮಯ ಕಡಿಮೆ ಮಾಡಿಕೊಳ್ಳಬಹುದು. ಮೂರು ತಿಂಗಳು ಮುಂಚೆ ಬರೆದು ಕೊಡಬೇಕು. ಅವಧಿ ಮುಗಿದ ಮೇಲೆ ಮೊದಲಿನಷ್ಟೇ ಕೆಲಸಕ್ಕೆ ವಾಪಸ್ ಬರೋ ಹಕ್ಕು ಇರುತ್ತೆ. ಮೊದಲು ಆ ಹಕ್ಕು ಇರಲಿಲ್ಲ. ಮಕ್ಕಳಿಗಾಗಿ ಕೆಲಸ ಕಡಿಮೆ ಮಾಡಿದ ಎಷ್ಟೋ ಹೆಂಗಸರು ಅಲ್ಲೇ ಸಿಕ್ಕಿಬೀಳ್ತಿದ್ದರು. ಪಗಾರವೂ ಕಡಿಮೆ, ಮುಂದೆ ಪಿಂಚಣಿಯೂ ಕಡಿಮೆ. ನನ್ನ ಪಗಾರವೂ ಇಳಿದಿದೆ. ಟೀಮಿನ ಮುಖ್ಯಸ್ಥೆ ಆಗ್ತೀಯಾ ಅಂತ ಕೇಳಿದರು, ಈ ಎರಡು ವರ್ಷ ಬೇಡ ಅಂದೆ. ಯೋಚನೆ ಮಾಡಿಯೇ ಬೇಡ ಅಂದಿದ್ದು. ಆಮೇಲೆ ಕೇಳಿದರೆ ಹೂಂ ಅಂತೀನಿ.

ಉಳಿದ ಸಮಯ ಬುಧವಾರದ್ದು. ಅವತ್ತು ನಾನೂ ಮಗಳೂ ರೊಟ್ಟಿ ಮಾಡ್ತೀವಿ. ಇಂಡಿಯನ್ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತೆ, ಆದರೆ ಹಳೇದು, ಜಿಗಿ ಇರಲ್ಲ. ನೀನು ಹೇಳಿಕೊಟ್ಟ ಹಾಗೆ ಎಸರು ಚೆನ್ನಾಗಿ ಕುದಿಸಿ ಹಾಕಿ ನಾದ್ತೀನಿ. ಅವಳಿಗೊಂದು ಸಣ್ಣ ಉಂಡೆ. ಎರಡೂ ಅಂಗೈಯಿಂದ ತಟಪಟ ಬಡೀತಾಳೆ, ಅಂಚು ಒಡೆಯುತ್ತೆ, ಬೆರಳು ಒದ್ದೆ ಮಾಡಿಕೊಂಡು ಸವರ್ತಾಳೆ. ಹಿಟ್ಟು ಮೂಗಿನ ಮೇಲೆ, ನೆಲದ ಮೇಲೆ, ಎಲ್ಲ ಕಡೆ. ಹಂಚಿನ ಮೇಲೆ ಅವಳ ರೊಟ್ಟಿ ಉಬ್ಬಿದರೆ "ಅಮ್ಮಾ, ಉಬ್ಬಿತು!" ಅಂತ ಕೂಗ್ತಾಳೆ, ಕನ್ನಡದಲ್ಲೇ. ಶಿಶುವಿಹಾರದಲ್ಲಿ ದಿನವೆಲ್ಲ ಜರ್ಮನ್ ಮಾತಾಡೋ ಹುಡುಗಿ ಇವಳು. ಆ ಹೊತ್ತಿನಲ್ಲಿ ನನ್ನ ಫೋನು ಬೇರೆ ಕೋಣೆಯಲ್ಲಿರುತ್ತೆ. ನೀನು ಫೋನ್ ಮಾಡಿದಾಗ ಎತ್ತಲಿಲ್ಲ ಅಂತ ಬೇಜಾರಾಗಿದ್ದೆಯಲ್ಲ, ಅದು ಬುಧವಾರವೇ.

ಶನಿವಾರ ಬೆಳಿಗ್ಗೆ ಕನ್ನಡದ ಏಳೆಂಟು ಮಕ್ಕಳನ್ನು ಕೂಡಿಸಿಕೊಂಡು ಅಕ್ಷರ ಕಲಿಸ್ತೀನಿ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲೋದು ಹೇಳಿದೆ. "ಭೂಮಿಗೂ ಊಟ ಹಾಕ್ತಾರಾ?" ಅಂತ ಒಬ್ಬ ಹುಡುಗ ಕಣ್ಣು ಅರಳಿಸಿದ. ಹೌದಪ್ಪ, ಹಾಕ್ತಾರೆ ಅಂದೆ. ಹೋದ ವರ್ಷದ ಚರಗದ ಫೋಟೋ ಇದ್ದರೆ ಅಪ್ಪನಿಗೆ ಕಳಿಸೋಕೆ ಹೇಳು.

ಈಗ ತಂಗಿಗೆ. ಧಾರವಾಡದಿಂದ ಹುಬ್ಬಳ್ಳಿಗೆ ದಿನಾ ಚಿಗರಿ ಬಸ್ಸಿನಲ್ಲಿ ಹೋಗಿ ಬಂದು, ಎಳೆ ಕೂಸನ್ನೂ ನೋಡೋದು ಹೇಗೆ ಅಂತ ನಿನಗೆ ಭಯ. ಆಗೋದೇ. ಆದರೆ ಭಯದಲ್ಲಿ ರಾಜೀನಾಮೆ ಬರೀಬೇಡ. ನಮ್ಮ ದೇಶದ ಹೆರಿಗೆ ರಜೆ ಕಾನೂನಿಗೆ 2017ರಲ್ಲಿ ತಿದ್ದುಪಡಿಯಾದ ಮೇಲೆ ಮೊದಲ ಎರಡು ಹೆರಿಗೆಗೆ ರಜೆ 12 ವಾರದಿಂದ 26 ವಾರ ಆಯಿತು, ಅದು ನಿನಗೆ ಗೊತ್ತು. ಕಾನೂನಿನಲ್ಲಿ ಇನ್ನೂ ಇದೆ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಕೂಸುಗಳನ್ನು ನೋಡಿಕೊಳ್ಳುವ ಕೂಸಿನ ಮನೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಬಹುದು. ಕೆಲಸ ಅಂಥದ್ದಾಗಿದ್ದರೆ ರಜೆ ಮುಗಿದ ಮೇಲೂ ಮನೆಯಿಂದ ಮಾಡೋಕೆ ಮಾತಾಡಿ ಒಪ್ಪಂದ ಮಾಡಿಕೊಳ್ಳಬಹುದು. ಯಾರೂ ತಾವಾಗಿಯೇ ಹೇಳಲ್ಲ, ನೀನೇ ಕೇಳಬೇಕು. ಬಾಯಲ್ಲಿ ಕೇಳಬೇಡ, ಮೇಲ್ ಬರಿ.

ಒಂದು ಮಾತು ಮಾತ್ರ ನೇರವಾಗಿ ಹೇಳ್ತೀನಿ. ಕೂಸಿನ ಜೊತೆ ಕೆಲವು ವರ್ಷ ಇರಬೇಕು ಅನ್ನೋದು ನಿನ್ನ ಮನಸ್ಸಿನ ಆಸೆ ಆಗಿದ್ದರೆ ಬಿಡು, ನಾನು ನಿನ್ನ ಕಡೆ. ಸುಸ್ತಾಗಿದ್ದಕ್ಕೋ, ಅತ್ತೆ ಮನೆಯವರು ಏನೋ ಅಂದಿದ್ದಕ್ಕೋ ಬಿಡೋದಾದರೆ ಮೊದಲು ನಿನ್ನ ಗಂಡನ ಜೊತೆ ಒಂದು ರಾತ್ರಿ ಕೂತು ಮಾತಾಡು. ರಾತ್ರಿ ಕೂಸು ಎದ್ದರೆ ಯಾರು ಏಳ್ತಾರೆ, ಲಸಿಕೆಗೆ ಯಾರು ಕರೆದುಕೊಂಡು ಹೋಗ್ತಾರೆ, ಬೆಳಿಗ್ಗೆ ಡಬ್ಬಿ ಯಾರು ಕಟ್ತಾರೆ. ಎಲ್ಲದಕ್ಕೂ ನಿನ್ನ ಹೆಸರೇ ಬಂದರೆ, ಅಲ್ಲಿ ಬದಲಾಗಬೇಕಿರೋದು ನಿನ್ನ ಕೆಲಸ ಅಲ್ವಲ್ಲ.

ಅವ್ವ, ಮೇ ತಿಂಗಳಿಗೆ ನಿಮ್ಮಿಬ್ಬರ ವೀಸಾಕ್ಕೆ ಇವರು ಕಾಗದಪತ್ರ ಜೋಡಿಸ್ತಿದ್ದಾರೆ. ಅಪ್ಪನ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ಫೋಟೋ ಕಳಿಸು. ಬರುವಾಗ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ತಾ, ಪೇಢಾ ಸ್ವಲ್ಪ ಜಾಸ್ತಿ ಇರಲಿ. ತಂಗಿ ಮೇಲ್ ಬರೆದಾದ ಮೇಲೆ, ಕಳಿಸೋ ಮೊದಲು ನನಗೆ ತೋರಿಸಲಿ. ಇಬ್ಬರೂ ಕೂತು ತಿದ್ದೋಣ. ಯಾವ ದಿನವಾದರೂ ಫೋನ್ ಮಾಡಲಿ, ಬುಧವಾರ ಮಧ್ಯಾಹ್ನ ಒಂದು ಬಿಟ್ಟು.

ನಿನ್ನ ಹಿರಿ ಮಗಳು